ಸ್ನೇಹದ ಬೆಂಚು, ಅಜ್ಜಿಯರ ಕಿವಿ

ಮದ್ದು ಎಂದ ಕೂಡಲೇ ನಮಗೆ ಮಾತ್ರೆ, ಸೂಜಿ, ಕಷಾಯ ನೆನಪಾಗುತ್ತವೆ. ಒಂದು ಮರದ ಬೆಂಚು, ಅದರ ಮೇಲೆ ಕುಳಿತ ಒಬ್ಬ ಅಜ್ಜಿ ಕೂಡ ಮದ್ದಾಗಬಹುದೇ? ಆಗಬಹುದು ಎಂದು ಲೆಕ್ಕ ಹಾಕಿ ತೋರಿಸಿದ ದೇಶವೊಂದಿದೆ. ಅದು ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಜಿಂಬಾಬ್ವೆ.

ಈ ಹೆಸರು ಕೇಳಿದರೆ ತಾತಂದಿರ ಕಣ್ಣು ಅರಳುತ್ತದೆ. 1983ರ ವಿಶ್ವಕಪ್ ಕ್ರಿಕೆಟ್‌ನಲ್ಲಿ ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದದ್ದು ಜಿಂಬಾಬ್ವೆಯ ವಿರುದ್ಧವೇ. ಮಕ್ಕಳೇ, ನಿಮ್ಮ ಮನೆಯಲ್ಲಿ ತಾತ ಇದ್ದರೆ ಆ ಪಂದ್ಯದ ಕಥೆ ಕೇಳಿ ನೋಡಿ, ಅರ್ಧ ಗಂಟೆ ಎದ್ದು ಹೋಗಲು ಬಿಡುವುದಿಲ್ಲ. ನಾನು ಇಂದು ಹೇಳಹೊರಟಿರುವುದು ಅದೇ ದೇಶದ ಅಜ್ಜಿಯರ ಕಥೆ.

ಬಸ್ ಚಾರ್ಜಿಲ್ಲದೆ ಹೋದ ಜೀವ

ಡಿಕ್ಸನ್ ಚಿಬಾಂಡ ಎಂಬವರು ಜಿಂಬಾಬ್ವೆಯ ಮನೋವೈದ್ಯರು. ಮೈಗೆ ಜ್ವರ, ನೋವು ಬಂದರೆ ನೋಡುವ ವೈದ್ಯರಿರುವಂತೆ ಮನಸ್ಸಿಗೆ ಕಾಯಿಲೆ ಬಂದರೆ ನೋಡುವ ವೈದ್ಯರೂ ಇರುತ್ತಾರೆ. ಅವರೇ ಮನೋವೈದ್ಯರು. ಆಗ ಆ ಇಡೀ ದೇಶಕ್ಕೆ ಇದ್ದ ಮನೋವೈದ್ಯರು ಹತ್ತು ಹನ್ನೆರಡು ಮಂದಿ. ಅಲ್ಲಿನ ಜನಸಂಖ್ಯೆಯಾದರೋ ಕೋಟಿಗೂ ಹೆಚ್ಚು.

2005ರಲ್ಲಿ ಆ ದೇಶಕ್ಕೆ ದೊಡ್ಡ ಕಷ್ಟ ಬಂತು. ನಗರಗಳಲ್ಲಿ ಬಡವರು ಕಟ್ಟಿಕೊಂಡಿದ್ದ ಮನೆಗಳನ್ನೂ ಚಿಕ್ಕಪುಟ್ಟ ಅಂಗಡಿಗಳನ್ನೂ ಸರ್ಕಾರ ಕೆಡವಿಸಿತು. ಸುಮಾರು 7 ಲಕ್ಷ ಜನ ಮನೆಯನ್ನೋ ಜೀವನೋಪಾಯವನ್ನೋ ಕಳೆದುಕೊಂಡರು ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. ಕೆಲಸವಿಲ್ಲ, ಸೂರಿಲ್ಲ, ಮನೆಯಲ್ಲಿ ಕಾಯಿಲೆಯವರು. ಇಂಥ ಹೊತ್ತಿನಲ್ಲಿ ಮನಸ್ಸು ಕುಗ್ಗದೆ ಇನ್ನೇನಾಗುತ್ತದೆ?

ಆ ದಿನಗಳಲ್ಲಿ ಚಿಬಾಂಡ ಅವರಲ್ಲಿ ಚಿಕಿತ್ಸೆ ಪಡೆಯುತ್ತಿದ್ದ 26 ವರ್ಷದ ಯುವತಿಯೊಬ್ಬಳು ದೂರದ ಊರಿನಲ್ಲಿದ್ದಳು. ಅವಳ ಸ್ಥಿತಿ ಬಿಗಡಾಯಿಸಿದೆ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದು ವೈದ್ಯರು ಮನೆಯವರಿಗೆ ಹೇಳಿದ್ದರು. ಅವರು ಬರಲಿಲ್ಲ. ಕೆಲವು ದಿನಗಳ ನಂತರ ಅವಳು ಜೀವ ಕಳೆದುಕೊಂಡ ಸುದ್ದಿ ಬಂತು. ಯಾಕೆ ಕರೆತರಲಿಲ್ಲ ಎಂದು ವೈದ್ಯರು ಕೇಳಿದರು. ಬಸ್ ಚಾರ್ಜಿಗೆ 15 ಡಾಲರ್ ಬೇಕಾಗಿತ್ತು, ಅಷ್ಟು ಹಣ ನಮ್ಮ ಹತ್ತಿರ ಇರಲಿಲ್ಲ ಎಂದರು ಮನೆಯವರು.

ಆ ಉತ್ತರ ಚಿಬಾಂಡ ಅವರನ್ನು ನಿದ್ದೆ ಮಾಡಲು ಬಿಡಲಿಲ್ಲ. ಕಾಯಿಲೆಯವರು ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ಅವರ ಓಣಿಗೆ ಹೋಗಬೇಕು ಎಂದು ಅವರಿಗೆ ಅನಿಸಿತು. ಆದರೆ ಹೋಗುವವರು ಯಾರು?

ಹದಿನಾಲ್ಕು ಅಜ್ಜಿಯರು

ರಾಜಧಾನಿ ಹರಾರೆಯಲ್ಲಿ ಂಬಾರೆ ಎಂಬ ಬಡವರ ಬಡಾವಣೆಯಿದೆ. 2006ರಲ್ಲಿ ಅಲ್ಲಿನ ಚಿಕಿತ್ಸಾಲಯಕ್ಕೆ ಹೋಗಿ ಚಿಬಾಂಡ ತಮ್ಮ ಆಸೆ ಹೇಳಿಕೊಂಡರು. ನರ್ಸುಗಳಿಗೆ ಕೈತುಂಬ ಕೆಲಸ, ಯಾರೂ ಬಿಡುವಾಗಿರಲಿಲ್ಲ. ಒಳಗೆ ಒಂದು ಕೋಣೆಯೂ ಖಾಲಿಯಿರಲಿಲ್ಲ. ಹಣವಂತೂ ಇಲ್ಲವೇ ಇಲ್ಲ. ಅವರಿಗೆ ಸಿಕ್ಕಿದ್ದು ಎರಡೇ: ಹೊರಗಿನ ಮರದ ನೆರಳು ಮತ್ತು 14 ಮಂದಿ ಅಜ್ಜಿಯರು.

ಈ ಅಜ್ಜಿಯರು ಆ ಬಡಾವಣೆಯ ಆರೋಗ್ಯ ಕಾರ್ಯಕರ್ತೆಯರು. ನಮ್ಮೂರಿನ ಆಶಾ ಕಾರ್ಯಕರ್ತೆಯರ ಹಾಗೆ ಮನೆ ಮನೆಗೆ ಹೋಗಿ ಬರುವವರು. ಹೆಚ್ಚು ಓದಿದವರಲ್ಲ. ಮನೋವಿಜ್ಞಾನದ ಪುಸ್ತಕ ಮುಟ್ಟಿದವರಲ್ಲ. ಮೊದಮೊದಲು ಚಿಬಾಂಡ ಅವರಿಗೂ ಅನುಮಾನವಿತ್ತು, ಇವರಿಂದ ಇದು ಆದೀತೇ ಎಂದು. ಆದರೆ ಅಜ್ಜಿಯರಲ್ಲಿ ಮೂರು ಗುಣಗಳಿದ್ದವು. ಅವರು ಆ ಊರು ಬಿಟ್ಟು ಹೋಗುವವರಲ್ಲ. ಎಲ್ಲರಿಗೂ ಅವರ ಮೇಲೆ ಗೌರವ. ಕಷ್ಟ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರದಡಿಯಲ್ಲಿ ಬೆಂಚು ಹಾಕಿದ್ದಾಯಿತು. ಅದಕ್ಕೆ ವೈದ್ಯರು ಇಟ್ಟ ಹೆಸರು 'ಮಾನಸಿಕ ಆರೋಗ್ಯದ ಬೆಂಚು'. ಆ ಹೆಸರಿನ ಬೆಂಚಿನ ಮೇಲೆ ಯಾರು ತಾನೇ ಕೂರುತ್ತಾರೆ? ನೋಡಿದವರೆಲ್ಲ ಅವನಿಗೆ ತಲೆ ಕೆಟ್ಟಿದೆ ಅನ್ನುವುದಿಲ್ಲವೇ? ಇದನ್ನು ಕಂಡುಕೊಂಡವರು ಅಜ್ಜಿಯರೇ. ಹೆಸರು ಬದಲಿಸಿ, ಸ್ನೇಹದ ಬೆಂಚು ಅನ್ನಿ ಎಂದರು. ಹೆಸರು ಬದಲಾಯಿತು, ಜನ ಬಂದು ಕುಳಿತರು. ಇಂದು ಪ್ರಪಂಚವೆಲ್ಲ ಅದನ್ನು 'ಫ್ರೆಂಡ್‌ಶಿಪ್ ಬೆಂಚ್' ಎಂದೇ ಕರೆಯುತ್ತದೆ.

ಒಂದು ಸೊನ್ನೆಯ ವ್ಯತ್ಯಾಸ

ಅಜ್ಜಿಯರು ಇನ್ನೊಂದು ಮಾತನ್ನೂ ತಿದ್ದಿದರು. ಡಿಪ್ರೆಷನ್, ಅಂದರೆ ಖಿನ್ನತೆ, ಎಂಬ ವೈದ್ಯಕೀಯ ಪದ ಹೇಳಿದರೆ ಅಲ್ಲಿನ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಅಲ್ಲಿನ ಬಹಳ ಮಂದಿ ಆಡುವ ನುಡಿ ಶೋನಾ. ಶೋನಾದಲ್ಲಿ 'ಕುಫುಂಗ' ಎಂದರೆ ಯೋಚಿಸುವುದು. 'ಕುಫುಂಗಿಸಿಸ' ಎಂದರೆ ಅತಿಯಾಗಿ, ಬಿಡದೆ ಯೋಚಿಸುವುದು. ಆ ಪದ ಕೇಳಿದ ಕೂಡಲೇ ಜನ ಹೌದು, ನನಗಿರುವುದು ಅದೇ ಎನ್ನುತ್ತಿದ್ದರು.

ನಮ್ಮಲ್ಲೂ ಅದಕ್ಕೆ ಒಂದು ಪದವಿದೆಯಲ್ಲ, ಚಿಂತೆ! ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ಹಿರಿಯರು ಹೇಳುತ್ತಾರೆ. ಮಕ್ಕಳೇ, ಎರಡೂ ಪದಗಳನ್ನು ಬರೆದು ನೋಡಿ, ಸೊನ್ನೆ ಎಲ್ಲಿದೆ ಎಂದು ತಿಳಿಯುತ್ತದೆ. ಚಿತೆ ಸತ್ತ ಮೇಲೆ ಸುಡುತ್ತದೆ, ಚಿಂತೆ ಬದುಕಿರುವಾಗಲೇ ಸುಡುತ್ತದೆ ಎಂಬುದು ಅದರ ಅರ್ಥ. ಸಾವಿರಾರು ಮೈಲಿ ದೂರದ ಎರಡು ಜನ ಒಂದೇ ಸಂಕಟವನ್ನು ಒಂದೇ ರೀತಿ ಕಂಡುಕೊಂಡಿದ್ದಾರೆ ನೋಡಿ.

ಯಾರಿಗೆ ಎಷ್ಟು ಚಿಂತೆಯಿದೆ ಎಂದು ತಿಳಿಯಲು ಅಜ್ಜಿಯರ ಕೈಯಲ್ಲಿ 14 ಪ್ರಶ್ನೆಗಳ ಒಂದು ಪಟ್ಟಿ ಇರುತ್ತದೆ. ಕಳೆದ ವಾರ ನಿದ್ದೆ ಬಾರದೆ ಹೋಯಿತೇ? ಸಣ್ಣ ಪುಟ್ಟದ್ದಕ್ಕೆಲ್ಲ ಸಿಟ್ಟು ಬಂತೇ? ಹೊಟ್ಟೆ ನೋಯಿತೇ? ಅಳು ಬಂದಂತಾಯಿತೇ? ಹೌದು ಅಥವಾ ಇಲ್ಲ ಎಂದರೆ ಸಾಕು. ಹೌದು ಎಂಬ ಉತ್ತರಗಳನ್ನು ಎಣಿಸಿದರೆ ಅಂದಾಜು ಸಿಗುತ್ತದೆ. ಬದುಕೇ ಬೇಡ ಅನಿಸಿದೆ ಎಂದು ಯಾರಾದರೂ ಹೇಳಿದರೆ ಅಜ್ಜಿ ಅದನ್ನು ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ, ಕೂಡಲೇ ಮೇಲಿನವರಿಗೆ ತಿಳಿಸುತ್ತಾಳೆ.

ಈ ಪಟ್ಟಿಯ ಹಿಂದೆ ನಮ್ಮ ದೇಶದವರೊಬ್ಬರ ದುಡಿಮೆಯಿದೆ ಎಂದು ಓದಿ ನನಗೆ ಸಂತೋಷವಾಯಿತು. ಭಾರತದ ಮನೋವೈದ್ಯ ವಿಕ್ರಮ್ ಪಟೇಲ್ 1990ರ ದಶಕದಲ್ಲಿ ಹರಾರೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಅಲ್ಲಿನ ಜನ ತಮ್ಮ ಸಂಕಟವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೋ ಆ ಮಾತುಗಳಿಂದಲೇ ಜೊತೆಗಾರರೊಂದಿಗೆ ಸೇರಿ ಈ ಪ್ರಶ್ನೆಗಳನ್ನು ರೂಪಿಸಿದರು. ಮುಂದೆ ಅವರು ಗೋವಾದಲ್ಲಿ 'ಸಂಗಾತ್' ಎಂಬ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದರು. ವೈದ್ಯರಲ್ಲದ ಸಾಮಾನ್ಯ ಜನಕ್ಕೇ ತರಬೇತಿ ಕೊಟ್ಟು ಖಿನ್ನತೆಯವರಿಗೆ ನೆರವಾಗಬಹುದೆಂದು ಅಲ್ಲಿಯೂ ತೋರಿಸಿದರು.

ಬೆಂಚಿನ ಮೇಲೆ ಏನು ನಡೆಯುತ್ತದೆ?

ಅಜ್ಜಿಯ ಕೆಲಸಕ್ಕೆ ಮೂರು ಮೆಟ್ಟಿಲು.

ಮೊದಲನೆಯದು 'ಕುವುರ ಪ್ಫುಂಗ್ವ', ಮನಸ್ಸನ್ನು ತೆರೆಯುವುದು. ಬಂದವರು ತಮ್ಮ ಕಷ್ಟವನ್ನು ಹೇಳುತ್ತಾರೆ, ಅಜ್ಜಿ ಕೇಳುತ್ತಾಳೆ. ನಡುವೆ ಬಾಯಿ ಹಾಕುವುದಿಲ್ಲ, ಇಷ್ಟಕ್ಕೆಲ್ಲ ಅಳುತ್ತಾರಾ ಎಂದು ಗದರುವುದಿಲ್ಲ. ಹೇಳಿದ ಕಷ್ಟಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡುತ್ತಾರೆ. ಅದರಲ್ಲಿ ಒಂದನ್ನು ಮೊದಲು ಆರಿಸಬೇಕು. ಆರಿಸುವವರು ಅಜ್ಜಿಯಲ್ಲ, ಕಷ್ಟಪಡುತ್ತಿರುವವರೇ.

ಎರಡನೆಯದು 'ಕುಸಿಮುಡ್ಜಿರ', ಮೇಲೆತ್ತುವುದು. ಆರಿಸಿಕೊಂಡ ಒಂದು ಕಷ್ಟಕ್ಕೆ ಏನೇನು ದಾರಿಗಳಿವೆ ಎಂದು ಇಬ್ಬರೂ ಕೂಡಿ ಯೋಚಿಸುತ್ತಾರೆ. ಮುಂದಿನ ವಾರದೊಳಗೆ ಮಾಡಬಹುದಾದ ಒಂದು ಸಣ್ಣ ಹೆಜ್ಜೆಯನ್ನು ಗೊತ್ತು ಮಾಡಿಕೊಳ್ಳುತ್ತಾರೆ.

ಮೂರನೆಯದು 'ಕುಸಿಂಬಿಸ', ಗಟ್ಟಿಗೊಳಿಸುವುದು. ಮತ್ತೆ ಬಂದು ಕುಳಿತಾಗ ಆ ಹೆಜ್ಜೆ ಇಟ್ಟಿರಾ, ಏನಾಯಿತು ಎಂದು ಅಜ್ಜಿ ವಿಚಾರಿಸುತ್ತಾಳೆ. ಆಗಿದ್ದರೆ ಸಂತೋಷ. ಆಗಿಲ್ಲವಾದರೆ ಬೇರೆ ದಾರಿ.

ಹೀಗೆ ಒಬ್ಬೊಬ್ಬರು ಸುಮಾರು 45 ನಿಮಿಷದಂತೆ ಆರು ಸಲ ಬೆಂಚಿನ ಮೇಲೆ ಕೂರುತ್ತಾರೆ. ಆಮೇಲೆ ಅವರಿಗಾಗಿ ಒಂದು ಗುಂಪೂ ಇದೆ. ಅದರ ಹೆಸರಿನ ಅರ್ಥ, ಎಲ್ಲರೂ ಕೈ ಹಿಡಿದುಕೊಳ್ಳೋಣ. ಅಲ್ಲಿ ಹಳೆಯ ಪ್ಲಾಸ್ಟಿಕ್‌ನಿಂದ ಚೀಲ ಹೆಣೆಯುತ್ತಾ ಮಾತಾಡುತ್ತಾರೆ. ಕೈಗೆ ಕೆಲಸ, ಜೊತೆಗೆ ನಾಲ್ಕು ಕಾಸು, ಮನಸ್ಸಿಗೆ ಜೊತೆಗಾರರು.

ಬರೀ ಮಾತಿನಿಂದ ಏನಾದೀತು?

ಒಳ್ಳೆಯ ಪ್ರಶ್ನೆ. ಒಳ್ಳೆಯದು ಅನಿಸಿದ್ದೆಲ್ಲ ನಿಜಕ್ಕೂ ಗುಣ ಕೊಡುತ್ತದೆ ಎಂದೇನಿಲ್ಲ. ಅದಕ್ಕೇ ಪರೀಕ್ಷೆ ಮಾಡಿ ನೋಡಬೇಕು. ಚಿಬಾಂಡ ಮತ್ತು ಜೊತೆಗಾರರು ಹಾಗೆಯೇ ಮಾಡಿದರು.

ಹರಾರೆಯ 24 ಚಿಕಿತ್ಸಾಲಯಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. 14 ಪ್ರಶ್ನೆಗಳಲ್ಲಿ 9 ಅಥವಾ ಅದಕ್ಕಿಂತ ಹೆಚ್ಚಿಗೆ ಹೌದು ಎಂದ 573 ಮಂದಿ ಇದರಲ್ಲಿ ಸೇರಿದರು. ಅರ್ಧ ಚಿಕಿತ್ಸಾಲಯಗಳಲ್ಲಿ ಸ್ನೇಹದ ಬೆಂಚು, ಉಳಿದರ್ಧದಲ್ಲಿ ಎಂದಿನ ಚಿಕಿತ್ಸೆಯ ಜೊತೆಗೆ ಒಂದಿಷ್ಟು ಮಾಹಿತಿ. ಆರು ತಿಂಗಳ ನಂತರ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಎಂದಿನ ಚಿಕಿತ್ಸೆ ಪಡೆದವರ ಸರಾಸರಿ ಅಂಕ ಸುಮಾರು 9. ಬೆಂಚಿನ ಮೇಲೆ ಕುಳಿತವರದು 4ಕ್ಕಿಂತ ಕಡಿಮೆ. ಖಿನ್ನತೆಯನ್ನು ಅಳೆಯುವ ಇನ್ನೊಂದು ಪ್ರಶ್ನಾವಳಿಯಲ್ಲಿ, ಎಂದಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 50 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದರೆ, ಬೆಂಚಿನವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮಾತ್ರ ಇದ್ದವು. ಈ ವಿವರ 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ಮಾತಿಗೆ ಈ ಶಕ್ತಿ ಎಲ್ಲಿಂದ ಬರುತ್ತದೆ? ಒಂದು ಸುಳಿವು ಬೇರೊಂದು ಪ್ರಯೋಗದಿಂದ ಸಿಗುತ್ತದೆ. ನಮ್ಮ ಮಿದುಳಿನೊಳಗೆ ಬಾದಾಮಿ ಆಕಾರದ ಒಂದು ಪುಟ್ಟ ಭಾಗವಿದೆ. ಅದರ ಹೆಸರು ಅಮಿಗ್ಡಲ. ಭಯ, ಅಪಾಯದ ಸುಳಿವು ಸಿಕ್ಕರೆ ಅದು ಗಂಟೆ ಬಾರಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಕೆಲವರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿದರು. ಇದು ಸಿಟ್ಟು, ಇದು ಭಯ ಎಂದು ಆ ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಲದ ಗದ್ದಲ ಕಡಿಮೆಯಾಯಿತು. ಅದನ್ನು ಅವರು 2007ರಲ್ಲಿ ಪ್ರಕಟಿಸಿದರು. ಕತ್ತಲಲ್ಲಿ ಕಂಡದ್ದು ಹಾವಲ್ಲ ಹಗ್ಗ ಎಂದು ತಿಳಿದರೆ ಎದೆಬಡಿತ ಇಳಿಯುತ್ತದಲ್ಲ, ಅದೇ ರೀತಿ ಎಂದುಕೊಳ್ಳಬಹುದು.

ಇನ್ನೊಂದು ಕಾರಣ ಪಟ್ಟಿ ಮಾಡುವುದರಲ್ಲಿದೆ. ಚಿಂತೆಗಳು ಸಿಕ್ಕುಬಿದ್ದ ನೂಲಿನ ಉಂಡೆಯಂತೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಎಳೆದರೆ ಗಂಟು ಬಿಗಿಯುತ್ತದೆ. ಒಂದು ಎಳೆ ಹಿಡಿದು ನಿಧಾನಕ್ಕೆ ಬಿಡಿಸಿದರೆ ಉಳಿದವೂ ಸಡಿಲವಾಗುತ್ತವೆ. ಒಂದನ್ನು ನಾನೇ ಬಿಡಿಸಿದೆ ಎಂಬ ಧೈರ್ಯ ಮುಂದಿನದಕ್ಕೆ ಕೈಹಾಕಿಸುತ್ತದೆ.

ನಮ್ಮ ಜಗುಲಿಯ ಮೇಲೆ

ನಾನೂ ಒಬ್ಬ ಅಜ್ಜಿಯೇ. ನಮ್ಮ ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮೊಮ್ಮಗನಿದ್ದಾನೆ. ಹೋದ ವರ್ಷ ಅವನಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದರು. ಹಾಗಂತ ಮಗು ಸುಳ್ಳು ಹೇಳುತ್ತಿತ್ತು ಎಂದಲ್ಲ. ಮಕ್ಕಳ ಚಿಂತೆ ಹೊಟ್ಟೆನೋವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಹರಾರೆಯ ಪಟ್ಟಿಯಲ್ಲೂ ಆ ಪ್ರಶ್ನೆ ಇದೆ ಎಂದು ಆಗಲೇ ಹೇಳಿದೆನಲ್ಲ.

ಒಂದು ಸಂಜೆ ಜಗುಲಿಯ ಮೇಲೆ ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಕುಳಿತೆವು. ಮುಖ ನೋಡಿ ಮಾತಾಡುವುದು ಮಕ್ಕಳಿಗೆ ಕಷ್ಟ. ಕೈಗೆ ಕೆಲಸವಿದ್ದರೆ ಬಾಯಿ ಬಿಡುತ್ತಾರೆ.

"ಅಜ್ಜಿ, ನಂಗೆ ಸ್ಕೂಲೇ ಬೇಡ ಅನ್ಸತ್ತೆ" ಅಂದ.

"ಹೌದೇನೋ? ಹೇಳು ಮರಿ" ಅಂದೆ. ಅಷ್ಟೇ.

ಒಂದು ಮೊರ ಕಾಯಿ ಮುಗಿಯುವ ಹೊತ್ತಿಗೆ ಮೂರು ವಿಷಯ ಹೊರಬಂದವು. ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುವಾಗ ತಡವರಿಸಿದರೆ ಹಿಂದಿನವರು ನಗುತ್ತಾರೆ. ಜೀವದ ಗೆಳೆಯ ಬೇರೆ ಸೆಕ್ಷನ್ನಿಗೆ ಹೋಗಿಬಿಟ್ಟಿದ್ದಾನೆ. ಮೂರನೆಯದನ್ನು ಹೇಳಲು ತುಂಬ ಹೊತ್ತು ಹಿಡಿಯಿತು. ಅಪ್ಪ ಅಮ್ಮ ರಾತ್ರಿ ಸಾಲದ ವಿಷಯ ಮಾತಾಡುತ್ತಾರೆ.

ಮೂರು ಅವರೆಕಾಳನ್ನು ಸಾಲಾಗಿ ಇಟ್ಟು, "ಇದು ಇಂಗ್ಲಿಷು, ಇದು ನಿನ್ನ ಗೆಳೆಯ, ಇದು ಸಾಲ. ಮೊದಲು ಯಾವುದನ್ನ ನೋಡೋಣ?" ಅಂದೆ. ಇಂಗ್ಲಿಷ್ ಅನ್ನುತ್ತಾನೆ ಎಂದುಕೊಂಡಿದ್ದೆ. ಅವನು ಮೂರನೆಯ ಕಾಳಿನ ಮೇಲೆ ಬೆರಳಿಟ್ಟ. "ಮನೆ ಬಿಟ್ಟು ಹೋಗ್ಬೇಕಾಗತ್ತಾ ಅಜ್ಜಿ?"

ಆರಿಸುವವರು ಕಷ್ಟಪಡುತ್ತಿರುವವರೇ ಆಗಿರಬೇಕು ಎಂದು ಹರಾರೆಯ ಅಜ್ಜಿಯರು ಯಾಕೆ ಹೇಳುತ್ತಾರೆ ಎಂದು ಆ ಗಳಿಗೆಯಲ್ಲಿ ನನಗೆ ಸ್ಪಷ್ಟವಾಯಿತು.

ಸಣ್ಣ ಹೆಜ್ಜೆ ಏನೆಂದು ಅವನೇ ಹೇಳಿದ. ಭಾನುವಾರ ಅಪ್ಪನನ್ನು ಕೇಳುತ್ತೇನೆ, ನೀನು ಪಕ್ಕದಲ್ಲಿ ಇರಬೇಕು. ಹಾಗೇ ಆಯಿತು. ಮಗ ಮೊದಲು ಬೆಚ್ಚಿದ. ಆಮೇಲೆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಮನೆ ಸಾಲವೆಂದರೇನು, ತಿಂಗಳು ತಿಂಗಳು ಹೇಗೆ ಕಟ್ಟುತ್ತೇವೆ ಎಂದು ಕಾಗದದ ಮೇಲೆ ಬರೆದು ತೋರಿಸಿದ. ಮನೆ ಎಲ್ಲೂ ಹೋಗುವುದಿಲ್ಲ ಎಂದ. ಹೊಟ್ಟೆನೋವು ಮರುದಿನವೇ ಮಾಯವಾಗಲಿಲ್ಲ, ಇಂಗ್ಲಿಷ್ ಪಾಠ ಇನ್ನೂ ಬಾಕಿ ಇತ್ತು. ಮುಂದಿನ ವಾರ ಆ ಕಾಳನ್ನು ಎತ್ತಿಕೊಂಡೆವು. ಒಂದೂವರೆ ತಿಂಗಳಲ್ಲಿ ಸೋಮವಾರಗಳು ಬೇರೆ ದಿನಗಳಂತೆಯೇ ಆದವು.

ಕೇಳುವವರಿಗೂ ಲಾಭವಿದೆ

ಅಜ್ಜ ಅಜ್ಜಿಯರೇ, ಇದು ನಮಗಾಗಿ. ವಯಸ್ಸಾದ ಮೇಲೆ ನಮ್ಮನ್ನು ಕೊರೆಯುವ ದೊಡ್ಡ ಸಂಕಟ ಮಂಡಿನೋವಲ್ಲ. ಇನ್ನು ನಮ್ಮಿಂದ ಯಾರಿಗೇನು ಉಪಯೋಗ ಎಂಬ ಭಾವನೆ. ಬಡತನ, ಸಾವು, ನೋವು ಎಲ್ಲವನ್ನೂ ಕಂಡಿದ್ದ ಹರಾರೆಯ ಅಜ್ಜಿಯರು, ದಿನವಿಡೀ ಬೇರೆಯವರ ಕಷ್ಟ ಕೇಳಿ ಕುಗ್ಗಿಹೋಗಬಹುದಿತ್ತು. ಆದರೆ ಈ ಕೆಲಸ ತಮ್ಮ ಬದುಕಿಗೂ ಅರ್ಥ ಕೊಟ್ಟಿದೆ ಎಂದೇ ಅವರು ಹೇಳುತ್ತಾರೆ. 14 ಅಜ್ಜಿಯರಿಂದ ಶುರುವಾದದ್ದು ಮಲಾವಿ, ಜಾಂಜಿಬಾರ್, ನ್ಯೂಯಾರ್ಕ್ ನಗರಕ್ಕೂ ಹೋಗಿದೆ. 2022ರಲ್ಲಿ ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ತಂಡಕ್ಕೊಂದರಂತೆ 32 ಸ್ನೇಹದ ಬೆಂಚುಗಳನ್ನು ಅಲ್ಲಿ ಇರಿಸಿದ್ದರು.

ನಮ್ಮಲ್ಲಿ ಬೆಂಚು ಹೊಸದಾಗಿ ಮಾಡಿಸಬೇಕಿಲ್ಲ. ಅರಳಿಕಟ್ಟೆ, ಜಗುಲಿ, ಅಪಾರ್ಟ್‌ಮೆಂಟಿನ ಪಾರ್ಕು ಎಲ್ಲವೂ ಇವೆ. ಬೇಕಾದದ್ದು ಮೊಬೈಲ್ ಪಕ್ಕಕ್ಕಿಟ್ಟ ಹದಿನೈದು ನಿಮಿಷ. ನಾವು ಹಿರಿಯರಿಗೆ ಇದರಲ್ಲಿ ಕಷ್ಟದ ಭಾಗ ಯಾವುದು ಗೊತ್ತೇ? ಬುದ್ಧಿವಾದ ಹೇಳದೆ ಇರುವುದು. "ನಮ್ಮ ಕಾಲದಲ್ಲಿ..." ಎಂದು ಶುರುಮಾಡಿದರೆ ಮಗು ಎದ್ದು ಹೋಗುತ್ತದೆ.

ಮಕ್ಕಳೇ, ನೀವೂ ಕೇಳುವವರಾಗಬಹುದು. ತಾತ ಯಾಕೋ ಮಂಕಾಗಿ ಕುಳಿತಿದ್ದರೆ ಪಕ್ಕದಲ್ಲಿ ಕುಳಿತು, "ತಾತ, ಏನು ಯೋಚ್ನೆ ಮಾಡ್ತಿದ್ದೀರಾ?" ಎಂದು ಕೇಳಿ. ಅವರ ಕಷ್ಟವನ್ನು ನೀವು ಬಗೆಹರಿಸಬೇಕಾಗಿಲ್ಲ. ಅದು ದೊಡ್ಡವರ ಕೆಲಸ. ನೀವು ಕೇಳಿದಿರಿ ಎಂಬುದೇ ಅವರಿಗೆ ದೊಡ್ಡದು.

ಬೆಂಚು ಸಾಲದಿದ್ದಾಗ

ಹರಾರೆಯ ಅಜ್ಜಿಯರಿಗೆ ತರಬೇತಿಯಿತ್ತು, ಬೆನ್ನ ಹಿಂದೆ ನರ್ಸುಗಳೂ ವೈದ್ಯರೂ ಇದ್ದರು. ನಮ್ಮ ಜಗುಲಿ ಆಸ್ಪತ್ರೆಯಲ್ಲ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಇಷ್ಟದ ಆಟವೂ ಬೇಡವೆನಿಸಿದರೆ, ಯಾರೊಡನೆಯೂ ಮಾತಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಗೆಳೆಯನೋ ಗೆಳತಿಯೋ "ನಾನು ಇರಬಾರದು ಅನಿಸುತ್ತದೆ" ಎಂದರೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರೂ, ಅಂದೇ ನಂಬಿಕೆಯ ದೊಡ್ಡವರಿಗೆ ಹೇಳಿ. ಅದು ಚಾಡಿಯಲ್ಲ, ಕಾಪಾಡುವುದು.

ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಊರೂರಿಗೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ಬಸ್ ಚಾರ್ಜೂ ಬೇಕಿಲ್ಲ. 2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಕಷ್ಟದಲ್ಲಿರುವ ಮಕ್ಕಳಿಗೆ 1098, ಹಿರಿಯರಿಗೆ 14567.

ಈ ಮೂರು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿ. ಬರೆಯುವ ಕೆಲಸ ಮೊಮ್ಮಕ್ಕಳದು, ಅಂಟಿಸುವಾಗ ಸ್ಟೂಲು ಹಿಡಿದುಕೊಳ್ಳುವ ಕೆಲಸ ಅಜ್ಜ ಅಜ್ಜಿಯರದು.